ಮನೆಯಲ್ಲಿರುವ ಪಿಸ್ತೂಲಿನ ಮಾರಾಟ: ಕಾನೂನುಬದ್ಧ ಮಾರ್ಗ ಯಾವುದು?

ನಗದು ಸಾಗಣೆ, ಗೋದಾಮಿನ ಕಾವಲು, ದೂರದ ತೋಟದ ವಾಸ ಮುಂತಾದ ಕಾರಣಗಳಿಂದ ಅನೇಕ ವರ್ತಕ ಕುಟುಂಬಗಳಲ್ಲಿ ರಿವಾಲ್ವರ್ ಅಥವಾ ಪಿಸ್ತೂಲು ಇರಿಸಿಕೊಳ್ಳುವ ರೂಢಿ ಹಿಂದಿನಿಂದ ಬಂದಿದೆ. ಪರವಾನಗಿ ಹೊಂದಿದ ಹಿರಿಯರು ನಿಧನರಾದಾಗ ಅಥವಾ ವ್ಯವಹಾರವನ್ನು ಮುಚ್ಚಿದಾಗ ಆ ಆಯುಧವನ್ನು ಏನು ಮಾಡಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ. ಕೆಲವೊಮ್ಮೆ ಯಾವ ದಾಖಲೆಯೂ ಇಲ್ಲದ ಆಯುಧ ತಿಜೋರಿಯಲ್ಲಿ ದೊರೆಯುವುದೂ ಉಂಟು. ಹಳೆಯ ಪೀಠೋಪಕರಣದಂತೆ ಅದನ್ನು ಪರಿಚಿತರಿಗೆ ಕೊಟ್ಟು ಹಣ ಪಡೆದರೆ ಒದಗುವ ಶಿಕ್ಷೆ ಅತ್ಯಂತ ಕಠಿಣವಾದುದು. ಆದ್ದರಿಂದ ಶಸ್ತ್ರಾಸ್ತ್ರ ಕಾಯಿದೆ, 1959 ಹಾಗೂ ಶಸ್ತ್ರಾಸ್ತ್ರ ನಿಯಮಗಳು, 2016 ಏನು ಹೇಳುತ್ತವೆ ಎಂಬುದನ್ನು ಅರಿತಿರುವುದು ಅವಶ್ಯ.

ಮಾರುವ ಹಕ್ಕು ಯಾರಿಗಿದೆ?

ಕಾಯಿದೆಯ 3ನೇ ಕಲಮಿನಂತೆ ಪರವಾನಗಿ ಇಲ್ಲದೆ ಬಂದೂಕನ್ನು ಪಡೆಯುವಂತಿಲ್ಲ, ಹೊಂದಿರುವಂತಿಲ್ಲ. 5ನೇ ಕಲಮಿನಂತೆ ಆಯುಧಗಳ ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಆದರೆ 5(2)ನೇ ಕಲಂ ಖಾಸಗಿ ವ್ಯಕ್ತಿಗಳಿಗೆ ಒಂದು ವಿನಾಯಿತಿ ನೀಡಿದೆ. ಸ್ವಂತ ಬಳಕೆಗಾಗಿ ಕಾನೂನುಬದ್ಧವಾಗಿ ಹೊಂದಿರುವ ಆಯುಧವನ್ನು, ಅದನ್ನು ಹೊಂದಲು ಅರ್ಹತೆಯುಳ್ಳ ಇನ್ನೊಬ್ಬರಿಗೆ ವ್ಯಾಪಾರಿ ಪರವಾನಗಿ ಇಲ್ಲದೆಯೇ ಮಾರಬಹುದು. ಇದಕ್ಕೆ ಎರಡು ಷರತ್ತುಗಳಿವೆ.

1. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಪೊಲೀಸ್ ಠಾಣೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಪೊಲೀಸ್ ಆಯುಕ್ತರಿರುವ ಬೆಂಗಳೂರಿನಂತಹ ನಗರಗಳಲ್ಲಿ ಆಯುಕ್ತರೇ ಈ ಕಾಯಿದೆಯ ಮಟ್ಟಿಗೆ ಜಿಲ್ಲಾ ದಂಡಾಧಿಕಾರಿ.

2. ಹಾಗೆ ತಿಳಿಸಿದ ನಂತರ ಕನಿಷ್ಠ 45 ದಿನಗಳು ಕಳೆದಿರಬೇಕು.

ಈ ಅವಧಿ ಮುಗಿಯುವ ಮೊದಲು ಆಯುಧವನ್ನು ಹಸ್ತಾಂತರಿಸುವುದು ಅಪರಾಧ. ಅರ್ಜಿಯ ಒಂದು ಪ್ರತಿಗೆ ಮೊಹರು ಮತ್ತು ದಿನಾಂಕ ಸಹಿತ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಮಾರುವವರ ಹಿತದೃಷ್ಟಿಯಿಂದ ಅಗತ್ಯ. ಕಾಯಿದೆಯಲ್ಲಿ ‘ವರ್ಗಾವಣೆ’ ಎಂಬ ಪದವು ಬಾಡಿಗೆ, ಎರವಲು ಹಾಗೂ ದಾನಗಳನ್ನೂ ಒಳಗೊಂಡಿದೆ. ಹಣ ಪಡೆಯದೆ ಅಳಿಯನಿಗೋ ಸೋದರಳಿಯನಿಗೋ ಕೊಟ್ಟರೂ ಇದೇ ನಿಯಮ ಅನ್ವಯಿಸುತ್ತದೆ.

ಕೊಳ್ಳುವವರ ಅರ್ಹತೆ

ಕೊಳ್ಳುವವರ ಪರವಾನಗಿಯು ಚಾಲ್ತಿಯಲ್ಲಿದೆಯೇ, ಮಾರಲಿರುವ ಬಗೆಯ ಆಯುಧಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಮೂಲ ಪ್ರತಿಯಲ್ಲಿಯೇ ಪರಿಶೀಲಿಸಬೇಕು. 21 ವರ್ಷ ತುಂಬದವರಿಗೆ ಹಾಗೂ 9ನೇ ಕಲಮಿನಡಿ ನಿರ್ಬಂಧಿತರಾದ ಇತರರಿಗೆ ಮಾರುವಂತಿಲ್ಲ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಹಿಂದೆ ಈ ಮಿತಿ ಮೂರು ಇತ್ತು. ವಂಶಪಾರಂಪರ್ಯವಾಗಿ ಬಂದ ಆಯುಧವೂ ಈ ಲೆಕ್ಕಕ್ಕೆ ಸೇರುತ್ತದೆ. ತಯಾರಕರ ಹೆಸರು, ಸಂಖ್ಯೆ ಮುಂತಾದ ಗುರುತುಗಳಿಲ್ಲದ ಬಂದೂಕಿನ ಮಾರಾಟವನ್ನು 8ನೇ ಕಲಂ ನಿಷೇಧಿಸುತ್ತದೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಈ ವಿನಾಯಿತಿಯು ವ್ಯಕ್ತಿಗೆ ಸಂಬಂಧಿಸಿದುದೇ ಹೊರತು ಬಂದೂಕಿಗೆ ಅಂಟಿಕೊಂಡು ಬರುವಂಥದ್ದಲ್ಲ. ವಿನಾಯಿತಿ ಇಲ್ಲದವರು ಅಂತಹ ಬಂದೂಕನ್ನು ಕೊಳ್ಳಬೇಕಾದರೆ ಅವರಿಗೆ ಪರವಾನಗಿ ಬೇಕೇ ಬೇಕು.

ಪರವಾನಗಿದಾರರು ನಿಧನರಾದಾಗ

ಆಸ್ತಿಯ ಹಕ್ಕು ವಾರಸುದಾರರಿಗೆ ಬರುವಂತೆ ಪರವಾನಗಿ ತಾನಾಗಿ ಬರುವುದಿಲ್ಲ. ಇಂತಹ ಸಂದರ್ಭದಲ್ಲಿ 21ನೇ ಕಲಮಿನಂತೆ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ನಷ್ಟವಾಗುವುದಿಲ್ಲ ಎಂಬುದು ಗಮನಾರ್ಹ. ನಿಗದಿತ ಅವಧಿಯೊಳಗೆ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿ ಪಡೆದು ಅದನ್ನು ಹಿಂಪಡೆಯಬಹುದು, ಅಥವಾ ಅರ್ಹರಿಗೆ ಮಾರಿಸಿ ಮೊತ್ತವನ್ನು ಪಡೆಯಬಹುದು. ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಗಳ ಆದೇಶದಂತೆ ಆಯುಧವು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡಿಕೊಳ್ಳುವುದಕ್ಕೂ ಅವಕಾಶವಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಹೊಂದಿ 25 ವರ್ಷವಾದಾಗ, ಅವರು ಸೂಚಿಸಿದ ವಾರಸುದಾರರಿಗೆ ಪರವಾನಗಿ ನೀಡುವುದನ್ನು 2016ರ ನಿಯಮಗಳು ಪರಿಗಣಿಸುತ್ತವೆ.

ದಾಖಲೆಯೇ ಇಲ್ಲದಿದ್ದರೆ?

ಎಂದೂ ಪರವಾನಗಿ ಇರದ ಆಯುಧವನ್ನು ಮಾರಿ ‘ಸಕ್ರಮ’ಗೊಳಿಸುವ ಮಾರ್ಗ ಕಾಯಿದೆಯಲ್ಲಿಲ್ಲ. 5(2)ನೇ ಕಲಮಿನ ಸೌಲಭ್ಯ ಕಾನೂನುಬದ್ಧ ಸ್ವಾಧೀನಕ್ಕೆ ಮಾತ್ರ ಸೀಮಿತ. ಪರವಾನಗಿ ಇಲ್ಲದ ಸ್ವಾಧೀನಕ್ಕೆ ಎರಡರಿಂದ ಐದು ವರ್ಷಗಳ ಸೆರೆವಾಸ ಹಾಗೂ ದಂಡವಿದೆ. 5ನೇ ಕಲಮನ್ನು ಉಲ್ಲಂಘಿಸಿ ಮಾರಿದರೆ ಕನಿಷ್ಠ ಏಳು ವರ್ಷ. ಅದು ಜೀವಾವಧಿಯವರೆಗೂ ವಿಸ್ತರಿಸಬಹುದು. ಇಟ್ಟುಕೊಳ್ಳುವ ಅಪರಾಧಕ್ಕಿಂತ ಮಾರುವ ಅಪರಾಧವನ್ನು ಕಾಯಿದೆ ಹೆಚ್ಚು ಗಂಭೀರವಾಗಿ ಪರಿಗಣಿಸಿದೆ ಎಂಬುದು ಇದರಿಂದ ಸ್ಪಷ್ಟ.

ಸ್ವಾಧೀನವು ಅಪರಾಧವಾಗಬೇಕಾದರೆ ಅದರ ಅರಿವು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಗುಣವಂತಲಾಲ್ ಪ್ರಕರಣದಲ್ಲಿ (1972) ಹೇಳಿದೆ. ಆದ್ದರಿಂದ ತಿಜೋರಿಯಲ್ಲಿ ಆಯುಧವಿದ್ದುದೇ ತಿಳಿಯದಿದ್ದ ವಾರಸುದಾರರ ಸ್ಥಿತಿ ಬೇರೆ, ತಿಳಿದೂ ತಿಂಗಳುಗಟ್ಟಲೆ ಸುಮ್ಮನಿದ್ದವರ ಸ್ಥಿತಿ ಬೇರೆ. ಆಯುಧ ಕಂಡ ಕೂಡಲೇ ಅದನ್ನು ಮುಟ್ಟದೆ, ಸ್ಥಳಾಂತರಿಸದೆ, ವಕೀಲರ ಸಲಹೆಯೊಂದಿಗೆ ಠಾಣೆಗೆ ಲಿಖಿತ ಮಾಹಿತಿ ನೀಡಿ ಒಪ್ಪಿಸುವುದು ಸೂಕ್ತ. ಅದರ ಬೆಲೆ ಕೈಸೇರುವ ಆಸೆಯನ್ನು ಬಿಡಬೇಕಾಗುತ್ತದೆ; ಆದರೆ ಸಂಸ್ಥೆಯ ಹೆಸರೂ ಕುಟುಂಬದ ನೆಮ್ಮದಿಯೂ ಉಳಿಯುತ್ತವೆ.

ಆಯುಧವುಳ್ಳ ಪ್ರತಿಯೊಂದು ಮನೆಯಲ್ಲಿಯೂ ಪರವಾನಗಿ, ಅದರ ವಿಶಿಷ್ಟ ಗುರುತಿನ ಸಂಖ್ಯೆ, ಖರೀದಿ ರಸೀದಿ ಹಾಗೂ ನವೀಕರಣದ ದಿನಾಂಕಗಳನ್ನು ಒಂದೇ ಕಡತದಲ್ಲಿರಿಸಿ, ವಾರಸುದಾರರಿಗೆ ಮುಂಚಿತವಾಗಿಯೇ ತಿಳಿಸಿಡುವುದು ಒಳಿತು.