ಅಗ್ಗದ ಪಾರ್ಟ್ಸ್ ತಗೊಳ್ಳಿ, ಕರೆಂಟ್ ಲೆಕ್ಕ ಹಾಕಿ ತಗೊಳ್ಳಿ

ಫಸ್ಟ್ ಇಯರ್‌ನವರು ಲೈನ್ ಫಾಲೋವರ್ ಮಾಡೋಕೆ ಹೊರಟ್ರೆ ಮೊದಲು ಕೇಳೋದು "ಎಲ್ಲಾ ಸೇರಿ ಎಷ್ಟಾಗುತ್ತೆ?" ಅಂತ. ಒಳ್ಳೇ ಪ್ರಶ್ನೆನೇ. ಹಾಸ್ಟೆಲ್‌ನಲ್ಲಿರೋರಿಗೆ ತಿಂಗಳ ಕೊನೆಯಲ್ಲಿ ಸಾವಿರ ರೂಪಾಯಿ ಅಂದ್ರೆ ದೊಡ್ಡ ದುಡ್ಡು. ಆದ್ರೆ ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, "ಎಷ್ಟು ಕರೆಂಟ್ ಎಳೆಯುತ್ತೆ?" ಇದನ್ನ ಕೇಳೋರು ಕಡಿಮೆ. ಅಂಗಡಿಯಲ್ಲಿ ಎಲ್ಲರೂ ವೋಲ್ಟ್ ನೋಡ್ತಾರೆ. ಮೋಟರ್ 6 ವೋಲ್ಟ್, ಬ್ಯಾಟರಿ 9 ವೋಲ್ಟ್, ಸಾಕು ಅಂತ ಬಿಲ್ ಮಾಡಿಸ್ತಾರೆ. ಆಮೇಲೆ ಚಕ್ರ ಗಾಳಿಯಲ್ಲಿದ್ದಾಗ ಚೆನ್ನಾಗಿ ತಿರುಗೋ ರೋಬೋ, ನೆಲಕ್ಕೆ ಇಟ್ಟ ಕೂಡಲೇ ರೀಸೆಟ್ ಆಗುತ್ತೆ. ಎಲ್ಲರೂ ಕೋಡ್‌ನಲ್ಲಿ ತಪ್ಪು ಹುಡುಕ್ತಾರೆ. ಪಾಪ, ಕೋಡ್ ಏನೂ ಮಾಡಿರಲ್ಲ.

ಹಾಗಂತ ಎಲ್ಲಾ ಪಾರ್ಟ್ಸ್ ದುಬಾರಿಯದ್ದೇ ತಗೊಳ್ಳಿ ಅಂತ ನಾವು ಹೇಳ್ತಿಲ್ಲ. ಬೋರ್ಡ್ ವಿಷಯದಲ್ಲಿ ಧಾರಾಳವಾಗಿ ಉಳಿಸಿ. ಆರ್ಡುಯಿನೊ ಊನೊದ ವಿನ್ಯಾಸ ಓಪನ್ ಸೋರ್ಸ್. ಬೇರೆಯವರು ಅದನ್ನ ನೋಡಿ ಬೋರ್ಡ್ ಮಾಡಿ ಮಾರೋದು ಕಳ್ಳತನ ಅಲ್ಲ, ಆರ್ಡುಯಿನೊ ಅನ್ನೋ ಹೆಸರು, ಲೋಗೋ ಹಾಕಿಕೊಂಡ್ರೆ ಮಾತ್ರ ತಪ್ಪು. ಕ್ಲೋನ್‌ಗಳಲ್ಲಿ ಯುಎಸ್‌ಬಿಗೆ ಹೆಚ್ಚಾಗಿ ಸಿಎಚ್340 ಅನ್ನೋ ಚಿಪ್ ಇರುತ್ತೆ. ಲ್ಯಾಪ್‌ಟಾಪ್ ಬೋರ್ಡನ್ನ ಗುರುತಿಸದಿದ್ರೆ ಆ ಚಿಪ್‌ನ ಡ್ರೈವರ್ ಹಾಕಿಕೊಂಡ್ರೆ ಆಯ್ತು. ಐಆರ್ ಸೆನ್ಸರ್ ಕೂಡ ಕಡಿಮೆ ಬೆಲೆಯದ್ದೇ ಸಾಕು. ಚಾಸಿಸ್‌ಗೆ ಅಕ್ರಿಲಿಕ್ ಯಾಕೆ, ಹಳೇ ಸ್ವಿಚ್‌ಬೋರ್ಡ್ ಶೀಟ್ ಅಥವಾ ಪ್ಲೈವುಡ್ ತುಂಡು ನಡೆಯುತ್ತೆ.

ಮೋಟರ್‌ಗೆ ಬರೋಣ. ಎಲ್ಲರೂ ತಗೊಳ್ಳೋದು ಹಳದಿ ಬಣ್ಣದ ಬಿಓ ಮೋಟರ್. ಕಡಿಮೆ ಬೆಲೆ, ಗೇರ್ ಒಳಗೇ ಇದೆ, ಕಲಿಯೋಕೆ ಅದೇ ಸರಿ. ಆದ್ರೆ ಅದರ ಜೊತೆ ಡೇಟಾಶೀಟ್ ಬರಲ್ಲ. ಸ್ಟಾಲ್ ಕರೆಂಟ್ ಎಷ್ಟು, ಅಂದ್ರೆ ಚಕ್ರ ತಿರುಗದ ಹಾಗೆ ಹಿಡಿದಾಗ ಎಷ್ಟು ಎಳೆಯುತ್ತೆ ಅನ್ನೋದನ್ನ ನಾವೇ ಕಂಡುಹಿಡೀಬೇಕು. ಅದು ಕಷ್ಟ ಅಲ್ಲ. ಮೋಟರ್ ವೈರ್ ಎಲ್ಲಿಗೂ ಜೋಡಿಸದೆ, ಮಲ್ಟಿಮೀಟರ್‌ನಲ್ಲಿ ಅದರ ರೆಸಿಸ್ಟೆನ್ಸ್ ಅಳೀರಿ. ಬ್ರಷ್ ನಿಂತ ಜಾಗಕ್ಕೆ ತಕ್ಕ ಹಾಗೆ ಓದು ಬದಲಾಗುತ್ತೆ, ಅದಕ್ಕೆ ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಸಲ ನೋಡಿ, ಅದರಲ್ಲಿ ಕಡಿಮೆ ಬಂದಿದ್ದನ್ನ ಇಟ್ಟುಕೊಳ್ಳಿ. 6 ಓಮ್ ಬಂತು ಅಂದ್ಕೊಳ್ಳಿ. 6 ವೋಲ್ಟ್ ಕೊಟ್ರೆ ಸ್ಟಾಲ್ ಕರೆಂಟ್ ಸುಮಾರು 1 ಆಂಪಿಯರ್. ಪಿಯುಸಿಯಲ್ಲಿ ಓದಿದ ಓಮ್ಸ್ ಲಾ, ಅಷ್ಟೇ. ಮುಖ್ಯ ವಿಷಯ ಏನಂದ್ರೆ, ನಿಂತ ಮೋಟರ್ ಶುರುವಾಗೋ ಕ್ಷಣದಲ್ಲೂ ಇಷ್ಟೇ ಕರೆಂಟ್ ಎಳೆಯುತ್ತೆ. ಎರಡು ಮೋಟರ್ ಒಟ್ಟಿಗೆ ಸ್ಟಾರ್ಟ್ ಆದ್ರೆ 2 ಆಂಪಿಯರ್.

ಈಗ 9 ವೋಲ್ಟ್‌ನ ಚೌಕದ ಬ್ಯಾಟರಿ ನೋಡೋಣ. ಅದು ಮಲ್ಟಿಮೀಟರ್‌ನಂಥ ಸ್ವಲ್ಪವೇ ಕರೆಂಟ್ ತಿನ್ನೋ ಸಾಮಾನಿಗೆ ಮಾಡಿದ್ದು. ಅದರ ಒಳಗಿನ ರೆಸಿಸ್ಟೆನ್ಸ್ 2 ಓಮ್ ಅಂತ ಇಟ್ಕೊಂಡ್ರೂ, 2 ಆಂಪಿಯರ್ ಎಳೆದಾಗ 4 ವೋಲ್ಟ್ ಬ್ಯಾಟರಿ ಒಳಗೇ ಹೋಗುತ್ತೆ. ಹೊರಗೆ ಉಳಿದಿದ್ದು 5. ಊನೊದ ರೆಗ್ಯುಲೇಟರ್‌ಗೆ 7 ವೋಲ್ಟ್ ಆದ್ರೂ ಬೇಕು. ನೆಲಕ್ಕಿಟ್ಟ ಕೂಡಲೇ ರೀಸೆಟ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಅಗ್ಗ ಅಂತ ತಂದ ಆ ಬ್ಯಾಟರಿ ಒಂದೆರಡು ಪ್ರ್ಯಾಕ್ಟೀಸ್‌ಗೇ ಸತ್ತು, ಮತ್ತೆ ಮತ್ತೆ ಕೊಂಡು ಕೊನೆಗೆ ಅದೇ ದುಬಾರಿ ಆಗುತ್ತೆ.

ಶುರು ಮಾಡೋರಿಗೆ ನಾವು ಹೇಳೋದು ರೀಚಾರ್ಜ್ ಆಗೋ ಡಬಲ್ ಎ ಸೈಜ್‌ನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಒಂದಕ್ಕೆ 1.2 ವೋಲ್ಟ್, ಆರು ಸೆಲ್‌ಗೆ 7.2. ಮೊದಲು ಖರ್ಚು ಜಾಸ್ತಿ ಅನ್ನಿಸುತ್ತೆ, ಆದ್ರೆ ನಾಲ್ಕು ಜನರ ಟೀಮ್ ಹಂಚಿಕೊಂಡ್ರೆ ಮುಂದಿನ ಸೆಮ್‌ಗೂ ಬರುತ್ತೆ.

ಲಿಥಿಯಂನ 18650 ಸೆಲ್ ಹಗುರ, ಶಕ್ತಿನೂ ಜಾಸ್ತಿ, ಆದ್ರೆ ಮೋಸ ಇಲ್ಲೇ ಹೆಚ್ಚು. ಹೆಸರಲ್ಲೇ ಅಳತೆ ಇದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಸೈಜ್‌ನಲ್ಲಿ ಒಳ್ಳೇ ಸೆಲ್‌ಗೆ ಸಿಗೋದೇ ಸುಮಾರು 3500 ಎಂಎಎಚ್. ಮೇಲೆ 9800 ಅಂತ ಪ್ರಿಂಟ್ ಇದ್ರೆ ಅಲ್ಲೇ ಕೆಳಗಿಟ್ಟು ಬನ್ನಿ. ತೂಕನೂ ನೋಡಿ. ಒಳ್ಳೇ ಸೆಲ್ ಸುಮಾರು 45 ಗ್ರಾಂ ತೂಗುತ್ತೆ, ಕೈಗೆ ತೀರಾ ಹಗುರ ಅನ್ನಿಸಿದ್ರೆ ಅನುಮಾನ ಪಡಿ. ಚಾರ್ಜ್ ಮಾಡೋಕೆ ಸಿಗೋ ಟಿಪಿ4056 ಅನ್ನೋ ಪುಟ್ಟ ಬೋರ್ಡ್ ಒಂದು ಸೆಲ್‌ಗೆ ಮಾತ್ರ. ಎರಡನ್ನ ಸೀರೀಸ್‌ನಲ್ಲಿ ಹಾಕಿದ್ರೆ ಅದು ನಡೆಯಲ್ಲ, ಅದಕ್ಕೆ ಬೇರೆ ಚಾರ್ಜರ್ ಮತ್ತು ಬಿಎಂಎಸ್ ಬೇಕು. ಸೆಲ್ ಮೇಲೆ ನೇರವಾಗಿ ಸೋಲ್ಡರ್ ಮಾಡ್ಲೇಬೇಡಿ, ಹೋಲ್ಡರ್ ತಗೊಳ್ಳಿ. ಉಬ್ಬಿದ್ದು, ಸೋರಿದ್ದು, ಸುಮ್ಮನಿದ್ದಾಗಲೂ ಬಿಸಿಯಾಗಿರೋದು ಫ್ರೀ ಆಗಿ ಕೊಟ್ರೂ ಬೇಡ. ರೂಮ್‌ಗೆ ಬೆಂಕಿ ಬಿದ್ರೆ ವಾರ್ಡನ್‌ಗೆ ಓಮ್ಸ್ ಲಾ ಹೇಳೋಕಾಗಲ್ಲ.

ಬ್ಯಾಟರಿ ಆದ್ಮೇಲೆ ಮೋಟರ್ ಡ್ರೈವರ್. ಕೆಂಪು ಬೋರ್ಡ್, ಕಪ್ಪು ಹೀಟ್‌ಸಿಂಕ್ ಇರೋ ಎಲ್298ಎನ್ ಎಲ್ಲಾ ಕಡೆ ಸಿಗುತ್ತೆ. ಗಟ್ಟಿ ಚಿಪ್, ಆದ್ರೆ ಹಳೇ ಕಾಲದ್ದು. ಒಳಗೆ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳಿರೋದ್ರಿಂದ 1 ಆಂಪಿಯರ್‌ಗೆ ಸುಮಾರು 2 ವೋಲ್ಟ್ ತಾನೇ ತಿಂದುಬಿಡುತ್ತೆ. 7.2 ವೋಲ್ಟ್ ಕೊಟ್ರೆ ಮೋಟರ್‌ಗೆ ಸಿಗೋದು ಐದು ಚಿಲ್ಲರೆ. ಉಳಿದ 2 ವಾಟ್ ಬರೀ ಬಿಸಿ. ಟಿಬಿ6612ಎಫ್‌ಎನ್‌ಜಿ ಚಿಪ್‌ನಲ್ಲಿ ಮಾಸ್‌ಫೆಟ್‌ಗಳಿವೆ, ಅಷ್ಟೇ ಕರೆಂಟ್‌ಗೆ ನಷ್ಟ ಸುಮಾರು ಅರ್ಧ ವೋಲ್ಟ್. ಚಿಕ್ಕ ರೋಬೋಗೆ ನಮ್ಮ ವೋಟ್ ಇದಕ್ಕೇ. ಒಂದು ಮಿತಿ ಇದೆ, ಒಂದೊಂದು ಚಾನೆಲ್‌ಗೆ ನಿರಂತರವಾಗಿ 1.2 ಆಂಪಿಯರ್ ಮಾತ್ರ. ಮೇಲೆ ಅಳೆದ ಸ್ಟಾಲ್ ಕರೆಂಟ್ ಅದಕ್ಕಿಂತ ಜಾಸ್ತಿ ಬಂದ್ರೆ ಎಲ್298ಎನ್ ವಾಸಿ.

ಇನ್ನೊಂದು ಸಣ್ಣ ಖರ್ಚು ಮಾಡಿ. ಬ್ಯಾಟರಿ ಲೈನ್‌ಗೆ ಅಡ್ಡಲಾಗಿ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಪೊಲಾರಿಟಿ ನೋಡಿ ಹಾಕಿ), ಪ್ರತಿ ಮೋಟರ್ ಟರ್ಮಿನಲ್ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಕೆಲವೇ ರೂಪಾಯಿ. ಬ್ರಷ್‌ನ ನಾಯ್ಸ್‌ನಿಂದ ಬರೋ ವಿಚಿತ್ರ ತೊಂದರೆ ಅರ್ಧ ಅಲ್ಲೇ ಕಮ್ಮಿ ಆಗುತ್ತೆ.

ಇಎಸ್‌ಪಿ32 ಬಳಸೋರು ಅಲ್ಟ್ರಾಸಾನಿಕ್ ಸೆನ್ಸರ್ ಎಚ್‌ಸಿ-ಎಸ್‌ಆರ್04 ಹಾಕುವಾಗ ಒಂಚೂರು ಹುಷಾರು. ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತೆ, ಬೋರ್ಡ್ ತಡೆಯೋದು 3.3. ಎಕೋಯಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 2 ಕಿಲೋಓಮ್, ನಡುವಿನಿಂದ ಬೋರ್ಡ್‌ಗೆ ವೈರ್. 3.3 ಸರಿಯಾಗಿ ಬರುತ್ತೆ.

ಬೆಂಗಳೂರಿನವರು ಎಸ್‌ಪಿ ರೋಡ್‌ಗೆ ಹೋಗುವಾಗ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. "ಅಣ್ಣ, ಮೋಟರ್ ಡ್ರೈವರ್ ಕೊಡಿ" ಅಂದ್ರೆ ಎಲ್298ಎನ್ನೇ ಕೈಗೆ ಬರುತ್ತೆ. ಒಂದೇ ಅಂಗಡಿಯಲ್ಲಿ ಎಲ್ಲಾ ತಗೋಬೇಡಿ, ಎರಡು ಮೂರು ಕಡೆ ರೇಟ್ ಕೇಳಿ. ಮೋಟರ್‌ನ ಅಲ್ಲೇ ಬ್ಯಾಟರಿಗೆ ಹಿಡಿದು ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಊರಲ್ಲಿರೋರು ಗುಜರಿ ಅಂಗಡಿ ನೋಡಿ. ಸತ್ತ ಪ್ರಿಂಟರ್ ಒಂದರಲ್ಲೇ ಮೋಟರ್, ಸ್ಟೀಲ್ ರಾಡ್, ಗೇರ್, ಬೆಲ್ಟ್ ಸಿಗುತ್ತೆ. ಬಿಚ್ಚುವಾಗ ಪವರ್ ಸಪ್ಲೈ ಭಾಗದ ದೊಡ್ಡ ಕೆಪಾಸಿಟರ್‌ಗೆ ಮಾತ್ರ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು.