ಕಾಗದ, ಎಲುಬು ಮತ್ತು ಅಕ್ಕನ ಸಂತಾನ

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕಾರು ನಿಲ್ಲಿಸುವ ಜಾಗವೊಂದರ ಡಾಂಬರು ಕಿತ್ತು ಅಗೆಯಲು ಶುರು ಮಾಡಿದ್ದು 2012ರ ಆಗಸ್ಟ್ 25ರಂದು. ಅಂದೇ ಮನುಷ್ಯನ ಕಾಲಿನ ಮೂಳೆಗಳು ಕಂಡವು. ಹಿಂದೆ ಅಲ್ಲಿ ಒಂದು ಮಠವಿತ್ತು. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಮಡಿದ ದೊರೆ ಮೂರನೆಯ ರಿಚರ್ಡನನ್ನು ಅದರ ಚರ್ಚಿನೊಳಗೆ ಹೂಳಿದ್ದರು. ಮಠ ಅಳಿದ ಮೇಲೆ ಗೋರಿಯ ಗುರುತೂ ಅಳಿಸಿತು, ಎಲುಬನ್ನು ಹೊಳೆಗೆ ಎಸೆದರಂತೆ ಎಂಬ ಸುದ್ದಿಯಷ್ಟೇ ಊರಲ್ಲಿ ಉಳಿಯಿತು. ಸಿಕ್ಕ ಅಸ್ಥಿಪಂಜರದ ಬೆನ್ನೆಲುಬು ಬಾಗಿತ್ತು, ತಲೆಬುರುಡೆಯಲ್ಲಿ ಆಯುಧದ ಗಾಯಗಳಿದ್ದವು. ಆದರೂ ಇವನೇ ಆ ದೊರೆ ಎನ್ನಲು ಬದುಕಿರುವ ರಕ್ತಸಂಬಂಧಿ ಬೇಕಿತ್ತು.

ವಂಶದ ಬೇರು ಹುಡುಕುವ ವಿದ್ಯೆಯ ನಿಜವಾದ ಶ್ರಮ ಇಲ್ಲಿದೆ. ಇಂಗ್ಲೆಂಡಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಫ್ತರದಲ್ಲಿ ಬರೆದಿಡಬೇಕೆಂದು ಆಜ್ಞೆಯಾದದ್ದು 1538ರಲ್ಲಿ. ಅದಕ್ಕೂ ಹಿಂದಿನದಕ್ಕೆ ಉಯಿಲುಗಳನ್ನೋ ಜಮೀನಿನ ಪತ್ರಗಳನ್ನೋ ತಡಕಬೇಕು. ಗಂಡುಮಕ್ಕಳ ಸಾಲು ಹಿಡಿಯುವುದು ಸುಲಭ, ಮನೆತನದ ಹೆಸರು ಕೈಹಿಡಿದು ನಡೆಸುತ್ತದೆ. ಹೆಣ್ಣುಮಕ್ಕಳದು ಹಾಗಲ್ಲ, ಪ್ರತಿ ಮದುವೆಗೂ ಹೆಸರು ಬದಲು. ಇತಿಹಾಸಕಾರ ಜಾನ್ ಆ್ಯಶ್‌ಡೌನ್-ಹಿಲ್ ಅಗೆತಕ್ಕೂ ಮೊದಲೇ ಆ ಕಷ್ಟದ ದಾರಿಯನ್ನು ಹಿಡಿದಿದ್ದರು. ರಿಚರ್ಡನ ಅಕ್ಕ ಆ್ಯನ್‌ಳಿಂದ ಮಗಳು, ಮಗಳ ಮಗಳು ಎಂದು ಇಳಿಯುತ್ತ ಬಂದು, ಕೆನಡಾದಲ್ಲಿದ್ದ ಜಾಯ್ ಇಬ್ಸನ್ ಎಂಬ ಮಹಿಳೆಯನ್ನು ತಲುಪಿದ್ದರು. ಅಗೆತ ನಡೆಯುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಲಂಡನ್ನಿನಲ್ಲಿ ಮರಗೆಲಸ ಮಾಡುವ ಮಗ ಮೈಕೆಲ್ ತಮ್ಮ ಡಿಎನ್ಎ ಮಾದರಿ ಕೊಟ್ಟರು.

ಹೆಣ್ಣಿನ ಸಾಲೇ ಏಕೆ? ಮೈಟೊಕಾಂಡ್ರಿಯದ ಡಿಎನ್ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ತಾಯಿಯಿಂದಲೇ ಬಳಿಯನ್ನು, ಎಂದರೆ ಕುಲದ ಹೆಸರನ್ನು, ಪಡೆಯುವ ತುಳುನಾಡಿನ ಅಳಿಯಕಟ್ಟಿನ ಮನೆತನಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಚರ್ಡನಿಗೂ ಅಕ್ಕನಿಗೂ ತಾಯಿ ಸಿಸಿಲಿ ನೆವಿಲ್ ಕೊಟ್ಟ ಗುರುತು ಒಂದೇ. ಐದು ಶತಮಾನಗಳ ನಂತರ ಮೈಕೆಲ್‌ರಲ್ಲಿ ಅದು ಅಕ್ಷರವೂ ಹೆಚ್ಚುಕಡಿಮೆಯಾಗದೆ ಸಿಕ್ಕಿತು. ಅದೇ ಅಕ್ಕನ ಇನ್ನೊಂದು ಕವಲಿನ ವೆಂಡಿ ಡಲ್ಡಿಗ್ ಅವರಲ್ಲಿ ಒಂದೇ ಒಂದು ವ್ಯತ್ಯಾಸ. ತಜ್ಞೆ ಟ್ಯೂರಿ ಕಿಂಗ್ ತಂಡ ಎಲ್ಲ ಸಾಕ್ಷ್ಯ ಸೇರಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಎಲುಬು ರಿಚರ್ಡನದೇ ಎಂಬುದಕ್ಕೆ ಶೇ 99.999ರಷ್ಟು ಖಾತರಿ.

ನನಗೆ ಇದರಷ್ಟೇ ಮುಖ್ಯವೆನಿಸುವುದು ಹೊಂದದೇ ಹೋದ ಭಾಗ. ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮನ್ನು ನೋಡಲು, ರಿಚರ್ಡನ ಮುತ್ತಾತನ ತಂದೆ ಮೂರನೆಯ ಎಡ್ವರ್ಡನಿಂದ ಬಂದವರೆಂದು ದಾಖಲೆ ಹೇಳುವ ಐವರು ಗಂಡಸರ ಮಾದರಿಯನ್ನೂ ಪರೀಕ್ಷಿಸಿದರು. ಒಬ್ಬರದೂ ದೊರೆಯದಕ್ಕೆ ಕೂಡಲಿಲ್ಲ. ಐವರಲ್ಲಿ ಒಬ್ಬರದು ಉಳಿದ ನಾಲ್ವರದಕ್ಕೂ ಹೊಂದಲಿಲ್ಲ. ಎಂದರೆ ನಡುವಿನ ಯಾವುದೋ ತಲೆಮಾರುಗಳಲ್ಲಿ ಕಾಗದದಲ್ಲಿರುವ ತಂದೆ ಬೇರೆ, ಹುಟ್ಟಿಸಿದ ತಂದೆ ಬೇರೆ. ಸಂಶೋಧಕರು ಇದನ್ನು ಮುಚ್ಚಿಡದೆ ಅದೇ ಪ್ರಬಂಧದಲ್ಲಿ ಬರೆದರು. ಕೊಳವೆಗೆ ಉಗುಳಿ ಪ್ರಯೋಗಾಲಯಕ್ಕೆ ಕಳಿಸಿ ಬೇರು ಹುಡುಕಿಸುವವರು ಈಗ ಲಕ್ಷಗಟ್ಟಲೆ. ಇಂಥ ಉತ್ತರ ಅವರ ಮನೆಬಾಗಿಲಿಗೂ ಬರಬಹುದು. ಆ ಉತ್ತರ ಮಾದರಿ ಕೊಟ್ಟವರೊಬ್ಬರದೇ ಅಲ್ಲ, ಅಣ್ಣತಮ್ಮಂದಿರದೂ ದಾಯಾದಿಗಳದೂ ಹೌದು. ಅದಕ್ಕೇ ಮಾದರಿ ಕಳಿಸುವ ಮುಂಚೆ ಅವರ ಜೊತೆ ಕೂತು ಮಾತಾಡಿ, ಒಪ್ಪಿಗೆ ಕೇಳಬೇಕು.