ಪಂಕ್ತಿಯಲ್ಲಿ 55 ಮಂದಿ, ಬಡಿಸುವವನು ಒಬ್ಬನೇ

ವಿಡಿಯೊ ಗೇಮ್‌ಗಳ ಚರಿತ್ರೆಯ ಮಾತು ಬಂದಲ್ಲೆಲ್ಲ ಒಂದು ಕಥೆ ತಪ್ಪದೆ ಹಾಜರಾಗುತ್ತದೆ. 1978ರಲ್ಲಿ ಜಪಾನಿನ ಟೈಟೊ ಕಂಪನಿಗೆ ತೊಮೊಹಿರೊ ನಿಶಿಕಾದೊ ರೂಪಿಸಿಕೊಟ್ಟ ‘ಸ್ಪೇಸ್ ಇನ್‌ವೇಡರ್ಸ್’ ಆಟದಲ್ಲಿ ಶತ್ರುಗಳು ಸತ್ತಂತೆಲ್ಲ ಉಳಿದವರ ನಡಿಗೆ ಚುರುಕಾಗುತ್ತದೆ. ಜೊತೆಗೇ ಢಂ ಢಂ ಎಂದು ಇಳಿಯುವ ನಾಲ್ಕು ಮಂದ್ರ ಸ್ವರಗಳ ಲಯವೂ ಏರುತ್ತದೆ. ಇದನ್ನು ಯಾರೂ ಯೋಜಿಸಿರಲಿಲ್ಲ, ಯಂತ್ರದ ಕಸುವು ಸಾಲದೆ ತಾನಾಗಿಯೇ ಹೀಗಾಯಿತು, ದೋಷವೇ ವರವಾಯಿತು ಎಂಬುದು ಕಥೆ. ಆಕಸ್ಮಿಕದಿಂದಲೇ ಕಲೆ ಹುಟ್ಟುತ್ತದೆ ಎಂದು ನಂಬಲು ನಮಗೆಲ್ಲ ಇಷ್ಟ. ಅದಕ್ಕೇ ಇದು ಇಷ್ಟು ಬಾಳಿಕೆ ಬಂದಿದೆ. ಆದರೆ ನಡಿಗೆಯ ಮಟ್ಟಿಗೆ ಇದು ಅರ್ಧ ನಿಜ, ಸಂಗೀತದ ಮಟ್ಟಿಗೆ ನಿಜವೇ ಅಲ್ಲ.

ಆ ಯಂತ್ರದಲ್ಲಿದ್ದದ್ದು 2 ಮೆಗಾಹರ್ಟ್ಸ್ ವೇಗದ ಇಂಟೆಲ್ 8080 ಪ್ರೊಸೆಸರ್. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಎಂದರೆ ಒಂದು ಫ್ರೇಮಿಗೆ ಪ್ರೊಸೆಸರ್‌ಗೆ ಸಿಗುವುದು ಸುಮಾರು 33,000 ಗಡಿಯಾರ ಮಿಡಿತ. ಒಂದೊಂದು ಆದೇಶವೂ ನಾಲ್ಕರಿಂದ ಹದಿನೆಂಟು ಮಿಡಿತ ನುಂಗುವಾಗ ಕೈಗೆ ಉಳಿಯುವುದು ಕೆಲವು ಸಾವಿರ ಆದೇಶಗಳಷ್ಟೇ. ಇಷ್ಟರಲ್ಲಿ 5 ಸಾಲು, ಸಾಲಿಗೆ 11ರಂತೆ 55 ಶತ್ರುಗಳನ್ನು ಒಟ್ಟಿಗೆ ಬಿಡಿಸಲಾಗದು. (ಚಿತ್ರದ ಚುಕ್ಕಿಗಳನ್ನು ಪಕ್ಕಕ್ಕೆ ಸರಿಸುವ ಕೆಲಸಕ್ಕೇ ನಿಶಿಕಾದೊ ಬೇರೊಂದು ಚಿಪ್ ಕೂರಿಸಬೇಕಾಗಿತ್ತು.) ಹಾಗಾಗಿ ಫ್ರೇಮಿಗೊಂದರಂತೆ ಶತ್ರುಗಳನ್ನು ಸರಿಸುವ ಏರ್ಪಾಡು. ಮದುವೆ ಊಟದ ಪಂಕ್ತಿಯಲ್ಲಿ 55 ಎಲೆ ಹಾಕಿ, ಸಾರು ಬಡಿಸಲು ಒಬ್ಬನನ್ನೇ ಬಿಟ್ಟಂತೆ ಇದು. ಅವನ ಕೈ ಸದಾ ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಪಂಕ್ತಿ ತುಂಬಿರುವಾಗ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು. ಅರ್ಧ ಮಂದಿ ಎದ್ದುಹೋದರೆ ಅದೇ ಎಲೆಗೆ ಅವನು ಅರ್ಧ ಹೊತ್ತಿನಲ್ಲೇ ಮರಳುತ್ತಾನೆ. ಕೊನೆಗೆ ಉಳಿದವನ ಪಾಡು ಹೇಳತೀರದು: ಸೆಕೆಂಡಿಗೆ 60 ಸಲ ಸಾರು! ಉಣ್ಣುವವನ ಕಣ್ಣಿಗೆ ಬಡಿಸುವವನೇ ಅವಸರಕ್ಕೆ ಬಿದ್ದಂತೆ ಕಾಣುತ್ತದೆ. ಅವನೋ ಹೆಜ್ಜೆ ಚುರುಕು ಮಾಡಿಯೇ ಇಲ್ಲ. ಇಲ್ಲಿ ಯಾವುದೂ ಕೆಟ್ಟಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಕೆಲಸ ಹಂಚಿದ ಬಗೆಯಿಂದ ಬಂದ ಫಲ ಇದು. ಇದನ್ನು ದೋಷ ಎನ್ನುವುದೇ ಸಡಿಲ ಮಾತು.

ಇನ್ನು ಸದ್ದು. ಸ್ವರಗಳು ಹುಟ್ಟುವುದು ಪ್ರತ್ಯೇಕ ಸರ್ಕ್ಯೂಟಿನಲ್ಲಿ. ಯಾವಾಗ ನುಡಿಯಬೇಕು ಎಂಬುದನ್ನಷ್ಟೇ ಪ್ರೊಸೆಸರ್ ಹೇಳುತ್ತದೆ. ನಡಿಗೆ ಚುರುಕಾದ ಮಾತ್ರಕ್ಕೆ ಸದ್ದೂ ತಾನಾಗಿ ಚುರುಕಾಗಲು ಕಾರಣವೇ ಇಲ್ಲ. ಆಟದ ಪ್ರೋಗ್ರಾಂ ಇಡಿಯಾಗಿ ಕೂತಿರುವುದು 8 ಕಿಲೋಬೈಟಿನ, ಓದಲಷ್ಟೇ ಬರುವ ಸ್ಮೃತಿಯಲ್ಲಿ. ಆಸಕ್ತರು ಅದನ್ನು ಆದೇಶ ಆದೇಶವಾಗಿ ಬಿಡಿಸಿ ಓದಿದ್ದಾರೆ. ಅಲ್ಲಿ ಸಿಗುವುದು 16 ಮೆಟ್ಟಿಲುಗಳ ಒಂದು ಪುಟ್ಟ ಕೋಷ್ಟಕ: ಇಷ್ಟು ಶತ್ರುಗಳು ಉಳಿದಿದ್ದರೆ ಎರಡು ಬಡಿತಗಳ ನಡುವೆ ಇಷ್ಟು ಫ್ರೇಮ್ ಅಂತರ ಇರಲಿ ಎಂದು. 50 ಅಥವಾ ಹೆಚ್ಚು ಇದ್ದರೆ 52 ಫ್ರೇಮ್. 43ಕ್ಕೆ ಇಳಿದರೆ 46. ಕೊನೆಯವನೊಬ್ಬನೇ ಉಳಿದಾಗ 5. ಯಾರೋ ಕೂತು, ಅಂಕಿ ಅಂಕಿಯಾಗಿ ಆರಿಸಿಟ್ಟ ಲಯ ಇದು.

ಸರಿ, ನಡಿಗೆಯ ವೇಗವನ್ನೇ ಕೋಷ್ಟಕ ನಕಲು ಮಾಡಿದೆಯಲ್ಲ, ಮೂಲ ಆಕಸ್ಮಿಕವೇ ತಾನೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಯಂತ್ರದ ಮಿತಿಯಿಂದ ನಡಿಗೆ ಚುರುಕಾದದ್ದನ್ನು ಕಂಡು ಹಾಗೆಯೇ ಉಳಿಸಿಕೊಂಡೆ ಎಂದು ನಿಶಿಕಾದೊ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆದರೆ ನಕಲೇ ಗುರಿಯಾಗಿದ್ದರೆ ಕೋಷ್ಟಕವೇ ಬೇಕಿರಲಿಲ್ಲ. ಒಂದು ಸುತ್ತು ಮುಗಿದಾಗ ಒಂದು ಬಡಿತ ಎಂದು ಬರೆದಿದ್ದರೆ ಸಾಕಿತ್ತು, ಜಾಗವೂ ಉಳಿಯುತ್ತಿತ್ತು. ಹಾಗೆ ಮಾಡಿದ್ದರೆ ಕೊನೆಯ ಶತ್ರುವಿಗೆ ಸೆಕೆಂಡಿಗೆ 60 ಬಡಿತವಾಗಿ, ಕಿವಿಗೆ ಲಯ ಹೋಗಿ ಬರೀ ಗುಂಯ್‌ಗುಟ್ಟುವಿಕೆ ಉಳಿಯುತ್ತಿತ್ತು. ಕೋಷ್ಟಕ ಸೆಕೆಂಡಿಗೆ ಸುಮಾರು 12ರಲ್ಲೇ ನಿಲ್ಲುತ್ತದೆ. ಶುರುವಿನಲ್ಲಿ ಕೂಡ ಸುತ್ತಿಗೆ 55 ಫ್ರೇಮ್, ಬಡಿತಕ್ಕೆ 52. ಕಿವಿಗೊಟ್ಟು ಕೇಳಿದರೆ ಹೆಜ್ಜೆ ಮತ್ತು ಸದ್ದು ಮೆಲ್ಲಗೆ ಬೇರೆಯಾಗುವುದು ಗೊತ್ತಾಗುತ್ತದೆ. ಆ 52ನ್ನು ನಿಮಿಷಕ್ಕೆ ಲೆಕ್ಕ ಹಾಕಿದರೆ ಸುಮಾರು 69 ಬಡಿತ, ವಿಶ್ರಾಂತಿಯಲ್ಲಿರುವ ಮನುಷ್ಯನ ಎದೆಬಡಿತದ ಆಸುಪಾಸು. ಅದೂ ಉದ್ದೇಶಪೂರ್ವಕವೇ ಎಂದು ಎಳೆದರೆ ನಾನೂ ಇನ್ನೊಂದು ದಂತಕಥೆ ಕಟ್ಟಿದಂತಾದೀತು. ಈ ಆಟಕ್ಕೆ ದಂತಕಥೆಗಳ ಬರವೇನಿಲ್ಲ: ಇದರಿಂದ ಜಪಾನಿನಲ್ಲಿ 100 ಯೆನ್ ನಾಣ್ಯಗಳೇ ಸಿಗದಂತಾದವಂತೆ! ಡಬ್ಬಿಗೆ ಬಿದ್ದ ನಾಣ್ಯವನ್ನು ಅಂಗಡಿಯವರು ಬ್ಯಾಂಕಿಗೆ ಕಟ್ಟದೆ ಅಲ್ಲೇ ಬಿಟ್ಟಿದ್ದರೇನು?

ಲಯದ ಉಪಾಯಕ್ಕೆ ಯಂತ್ರದ ಮಿತಿ ಅನಿವಾರ್ಯವಲ್ಲ ಎಂಬುದಕ್ಕೆ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಸಾಕ್ಷಿ. ಅಲ್ಲಿ ಸಮಯದ ಅಂಕಿ 100ಕ್ಕೆ ಇಳಿದೊಡನೆ ಕೋಜಿ ಕೊಂಡೊ ಅವರ ಸಂಗೀತ ಧಾವಿಸತೊಡಗುತ್ತದೆ. ಮಾರಿಯೊನ ಓಟ ಮಾತ್ರ ಮೊದಲಿನಷ್ಟೇ.